ಇಪ್ಪತ್ತಾರೂ ಮುಕ್ಕಾಲು

ಜಪಾನಿನ ಎಚಿಗೊ ಸೀಮೆಯ ನಮ್ಮ ಕಣಿವೆಯಲ್ಲಿ, ಬೆಟ್ಟ ಹತ್ತಿಸುವ ಲಿಫ್ಟಿನ ಬುಡದಿಂದ ನೂರು ಹೆಜ್ಜೆ ಈಚೆಗೆ, ಸ್ಕೀ ಮತ್ತು ಸ್ನೋಬೋರ್ಡು ಬಾಡಿಗೆಗೆ ಕೊಡುವ ಕುವಾಬಾರಾ ಅಂಗಡಿ ನಮ್ಮದು. ಅಪ್ಪನ ಕಾಲದಲ್ಲಿ ಸ್ಕೀ ಮಾತ್ರ ಇತ್ತು. ನನಗೆ ಮದುವೆಯಾದ ವರ್ಷ ನಾನು ಮೊದಲ ಹತ್ತು ಸ್ನೋಬೋರ್ಡು ತರಿಸಿದೆ. ಅಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಎಯಿಸಾಕು, ಇಸ್ತ್ರಿ ಮಾಡೋ ಹಲಗೆ ಯಾಕೋ ತಂದೆ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಹಲಗೆ ಎಂದೇ ಹೆಸರು.

ಹಲಗೆ ಕೇಳಿ ಬರುವವರೆಲ್ಲ ಅದರ ಉದ್ದದ ಬಗ್ಗೆ ಮಾತಾಡುತ್ತಾರೆ. ಗದ್ದದವರೆಗೆ ಬರಬೇಕೋ, ಮೂಗಿನವರೆಗೆ ಬರಬೇಕೋ ಎಂದು ತಮ್ಮ ಪಕ್ಕದಲ್ಲಿ ನಿಲ್ಲಿಸಿ ನೋಡಿಕೊಳ್ಳುತ್ತಾರೆ. ಅಗಲ ಕೇಳುವವರು ಅಪರೂಪ. ನಾನು ಮೊದಲು ನೋಡುವುದೇ ಅಗಲವನ್ನು. ಹಲಗೆಗೂ ಒಂದು ಸೊಂಟ ಇರುತ್ತದೆ, ನಡುವೆ ಸಣ್ಣಗೆ ಒಳಕ್ಕೆ ಬಾಗಿದ ಜಾಗ. ಬೂಟು ಅದರ ಮೇಲೆ ಅಡ್ಡಡ್ಡವಾಗಿ ಕೂರುತ್ತದೆ. ಮುಂದುಗಡೆ ಒಂದು ಬೆರಳಿನಷ್ಟು, ಹಿಮ್ಮಡಿಯ ಕಡೆ ಒಂದು ಬೆರಳಿನಷ್ಟು ಹೊರಗೆ ಚಾಚಿದ್ದರೆ ಸರಿ. ಅದಕ್ಕಿಂತ ಹೆಚ್ಚು ಚಾಚಿದರೆ, ತಿರುವಿನಲ್ಲಿ ವಾಲಿದ ಕೂಡಲೇ ಬೂಟಿನ ಮೂತಿ ಹಿಮಕ್ಕೆ ಉಜ್ಜಿ, ಹಲಗೆಯ ಅಂಚು ಮೇಲೆದ್ದು, ಮೇಲಿದ್ದವರು ಮುಖ ಅಡಿಯಾಗಿ ಬೀಳುತ್ತಾರೆ. ಚಾಚದೆ ಒಳಗೇ ಉಳಿದರೆ ಹಲಗೆ ಹೇಳಿದ ಮಾತು ಕೇಳುವುದಿಲ್ಲ. ಮೂಗುದಾರ ಎಳೆದರೂ ತಿರುಗದ ಎತ್ತಿನ ಹಾಗೆ ತನ್ನ ಪಾಡಿಗೆ ಹೋಗುತ್ತಿರುತ್ತದೆ.

ಅದಕ್ಕೇ ನಾನು ಯಾರ ಬಾಯಿಮಾತನ್ನೂ ನಂಬುತ್ತಿರಲಿಲ್ಲ. ಜನ ಹೇಳುವುದು ತಮ್ಮ ಪಾದದ ಅಳತೆಯನ್ನಲ್ಲ, ಹಿಂದೆಂದೋ ಕೊಂಡ ಶೂ ಮೇಲಿನ ನಂಬರನ್ನು. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಕಾಲುಚೀಲ ಬಿಚ್ಚಿಸಿ, ಅಳತೆಮಣೆಯ ಮೇಲೆ ಪಾದ ಇಡಿಸುತ್ತಿದ್ದೆ. ಆಮೇಲೆ ಎಷ್ಟು ಸೆಂಟಿಮೀಟರು ಎಂದು ಹಿಂದಿನ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಕೂಗುತ್ತಿದ್ದೆ: "ಇಪ್ಪತ್ನಾಲ್ಕೂವರೆ, ಹೆಂಗಸು. ಇಪ್ಪತ್ತೊಂಬತ್ತು, ಗಂಡಸು, ಅಗಲದ್ದು." ಮೀನು ಹರಾಜಿನವರ ಹಾಗೆ ರಾಗವಾಗಿ ಕೂಗುವ ಅಭ್ಯಾಸ ಹೇಗೋ ಅಂಟಿಕೊಂಡಿತ್ತು. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ಆ ಗದ್ದಲವೇ ಅಂಗಡಿಯ ಕಳೆ ಎಂದು ನಾನು ತಿಳಿದಿದ್ದೆ.

ಹಿಂದಿನ ಕೋಣೆ ಬೂಟುಗಳದ್ದು. ಅಲ್ಲಿರುವವಳು ನನ್ನ ಹೆಂಡತಿ ರಿತ್ಸುಕೊ. ಕೂಗಿದ ಅಳತೆಯ ಬೂಟು ತಂದುಕೊಡುವುದು, ಸಂಜೆ ಒದ್ದೆಯಾಗಿ ಬಂದವನ್ನು ಒಂದೊಂದಾಗಿ ಒಣಗಿಸುವುದು, ಹರಿದ ದಾರ ಬದಲಿಸುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದಾಳೆ. ಸ್ವತಃ ಹಲಗೆ ಹತ್ತುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಎರಡು ಚಳಿಗಾಲ ಕಲಿಯಲು ನೋಡಿದಳು. ಕಾಲ್ಬೆರಳ ಕಡೆಯ ಅಂಚಿಗೆ ತಿರುಗಿದಾಗಲೆಲ್ಲ ಬಿದ್ದಳು. ಆಮೇಲೆ, "ನನಗೂ ಹಿಮಕ್ಕೂ ಆಗಿಬರಲ್ಲ ಬಿಡಿ" ಎಂದು ಕೈಬಿಟ್ಟಳು. ಹೊಸ ವರ್ಷಕ್ಕೆ ನೆಂಟರು ಸೇರಿದಾಗ, "ನಮ್ಮ ರಿತ್ಸುಕೊ ಹಲಗೆ ಹತ್ತಿದ್ರೆ ಬೆಟ್ಟಾನೇ ನಗುತ್ತೆ" ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ಅವಳೂ ಎಲ್ಲರ ಜೊತೆ ನಗುತ್ತಿದ್ದಳು.

ಹೋದ ಫೆಬ್ರವರಿಯಲ್ಲಿ ಕಡಲ ಕಡೆಯ ಊರಿನ ಒಂದು ಶಾಲೆಯಿಂದ ಅರವತ್ತು ಮಕ್ಕಳು ಮೂರು ದಿನದ ಮಟ್ಟಿಗೆ ಬಂದರು. ಎಲ್ಲ ಹನ್ನೆರಡು ಹದಿಮೂರು ವರ್ಷದವರು. ಅವರಲ್ಲಿ ಮೂವತ್ತು ಜನ ಹಲಗೆ ಬೇಕೆಂದಿದ್ದರು. ಶಾಲೆಯವರು ಬರುವುದಕ್ಕೆ ಮುಂಚೆಯೇ ಪಟ್ಟಿ ಕಳಿಸುತ್ತಾರೆ. ಅದರಲ್ಲಿ ಪ್ರತಿ ಮಗುವಿನ ಹೆಸರು, ಎತ್ತರ, ತೂಕ, ಪಾದದ ಅಳತೆ ಇರುತ್ತದೆ. ಅಷ್ಟು ಮಕ್ಕಳು ಒಟ್ಟಿಗೆ ಬಂದಾಗ ಒಬ್ಬೊಬ್ಬರ ಪಾದ ಅಳೆಯುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ಹಾಗಾಗಿ ಶಾಲೆಯವರ ವಿಷಯದಲ್ಲಿ ಮಾತ್ರ ನಾನು ಪಟ್ಟಿಯನ್ನೇ ನಂಬಿ, ಹಿಂದಿನ ದಿನವೇ ಹಲಗೆಗಳನ್ನು ಸಿದ್ಧ ಮಾಡಿ, ನಂಬರು ಅಂಟಿಸಿ ಗೋಡೆಗೆ ಒರಗಿಸಿ ಇಟ್ಟಿರುತ್ತೇನೆ.

ಅಂದು ದಾರಿಯಲ್ಲಿ ಹಿಮ ಬಿದ್ದು ಬಸ್ಸು ಒಂದು ತಾಸು ತಡವಾಗಿತ್ತು. ಅವರ ನೊಮೊತೊ ಮೇಷ್ಟ್ರು ಬಾಗಿಲಲ್ಲಿ ನಿಂತು, "ಬೇಗ, ಬೇಗ, ಕಲಿಸೋರು ಮೇಲೆ ಕಾಯ್ತಿದಾರೆ" ಎನ್ನುತ್ತಲೇ ಇದ್ದರು. ಹದಿನೇಳನೇ ನಂಬರಿನ ಹುಡುಗಿಯ ಹೆಸರು ಚಿಗುಸಾ. ತನ್ನ ವಯಸ್ಸಿನ ಹುಡುಗರಿಗಿಂತ ಒಂದು ತಲೆ ಎತ್ತರ. ಎತ್ತರ ಕಾಣದಿರಲಿ ಎಂದೋ ಏನೋ ಬೆನ್ನು ಬಗ್ಗಿಸಿಕೊಂಡೇ ನಿಲ್ಲುತ್ತಿದ್ದಳು. ಪಟ್ಟಿಯಲ್ಲಿ ಪಾದ ಇಪ್ಪತ್ತನಾಲ್ಕು ಎಂದಿತ್ತು. ಇಷ್ಟು ಎತ್ತರದವಳಿಗೆ ಇಪ್ಪತ್ತನಾಲ್ಕೇ ಎಂದು ಒಂದು ಕ್ಷಣ ಅನಿಸಿತು. ಆದರೆ ಮೇಷ್ಟ್ರು ಅವಸರ ಮಾಡುತ್ತಿದ್ದರು. ಹದಿನೇಳನೇ ಹಲಗೆ ಅವಳ ಕೈಗೆ ಕೊಟ್ಟು ಹದಿನೆಂಟರವನನ್ನು ಕರೆದೆ.

ಹನ್ನೊಂದು ಗಂಟೆಗೆ ನೊಮೊತೊ ಮೇಷ್ಟ್ರು ಅವಳನ್ನು ವಾಪಸು ಕರೆತಂದರು. ಕೆಳತುಟಿ ಒಡೆದಿತ್ತು. ಕೊರಳಪಟ್ಟಿಯೊಳಗೆಲ್ಲ ಹಿಮ ತುಂಬಿತ್ತು.

"ಹತ್ತು ಸಲ ಬಿದ್ದಿದಾಳೆ" ಎಂದರು ಮೇಷ್ಟ್ರು. "ಹತ್ತೂ ಸಲ ಒಂದೇ ಥರ, ಮುಖ ಅಡಿಯಾಗಿ. ಬ್ಯಾಲೆನ್ಸ್ ಇಲ್ಲ ಅನ್ಸುತ್ತೆ. ಸ್ವಲ್ಪ ಹೊತ್ತು ಸ್ಟವ್ ಹತ್ರ ಕೂತಿರಲಿ, ಕುವಾಬಾರಾಸಾನ್."

ರಿತ್ಸುಕೊ ಅವಳ ತುಟಿ ಒರೆಸಿ, ಬೂಟು ಬಿಚ್ಚಿಸಿ, ಸೀಮೆಎಣ್ಣೆ ಸ್ಟವ್ ಪಕ್ಕ ಕೂರಿಸಿ, ಹಂದಿಮಾಂಸದ ಮಿಸೊ ಸಾರು ಒಂದು ಬಟ್ಟಲು ಕೊಟ್ಟಳು. ನಾನು ಒಳಗಿನ ರಿಪೇರಿ ಕೋಣೆಗೆ ಹೋಗಿ ಹಲಗೆಗಳಿಗೆ ಮೇಣ ಹಚ್ಚಲು ಕೂತೆ. ಸ್ವಲ್ಪ ಹೊತ್ತಿಗೆ ರಿತ್ಸುಕೊ ಬಂದು, ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ರೀ, ಹದಿನೇಳನೇ ನಂಬರಿನ ಹಲಗೆ ಬದಲಾಯಿಸ್ಬೇಕು."

"ಯಾಕೆ? ಏನಾಗಿದೆ ಅದಕ್ಕೆ?"

"ಹಲಗೆಗೇನೂ ಆಗಿಲ್ಲ. ಆ ಮಗು ಹಾಕ್ಕೊಂಡಿದ್ದು ಇಪ್ಪತ್ತೇಳರ ಬೂಟು."

"ಪಟ್ಟೀಲಿ ಇಪ್ಪತ್ನಾಲ್ಕು ಅಂತಿದೆಯಲ್ಲ."

"ಪಟ್ಟೀಲಿದೆ. ಕಾಲಲ್ಲಿಲ್ಲ."

"ಮತ್ತೆ ಇಪ್ಪತ್ತೇಳು ಯಾರು ಕೊಟ್ಟಿದ್ದು?"

"ನಾನೇ" ಎಂದಳು. "ಇಪ್ಪತ್ನಾಲ್ಕರದ್ದರೊಳಗೆ ಕಾಲು ತುರುಕ್ತಾ ಇದ್ಲು. ಕಣ್ಣಲ್ಲಿ ನೀರು ಬಂದಿತ್ತು, ಆದ್ರೂ ಸರಿಯಾಗಿದೆ ಸರಿಯಾಗಿದೆ ಅಂತಿದ್ಲು. ನೋಡೋಕಾಗ್ಲಿಲ್ಲ. ಇಪ್ಪತ್ತೇಳು ತಂದು, ಹಿಮ್ಮಡಿಯ ನಂಬರಿನ ಮೇಲೆ ಟೇಪು ಅಂಟಿಸಿ ಕೊಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. ಮೇಣ ಕರಗಿಸುವ ಇಸ್ತ್ರಿಯನ್ನು ಕೆಳಗಿಟ್ಟೆ. "ಇಪ್ಪತ್ತೆಂಟು ವರ್ಷ ಆಯ್ತು ನೀನು ಈ ಅಂಗ್ಡೀಲಿದ್ದು. ಇಪ್ಪತ್ನಾಲ್ಕರ ಹಲಗೆ ಮೇಲೆ ಇಪ್ಪತ್ತೇಳರ ಬೂಟು ಕಟ್ಟಿದ್ರೆ ಏನಾಗುತ್ತೆ ಅಂತ ಗೊತ್ತಿಲ್ವಾ ನಿನಗೆ? ಹಲ್ಲು ಮುರ್ಕೊಂಡಿದ್ರೆ?"

"ಗೊತ್ತು. ನಿಮಗಿಂತ ಚೆನ್ನಾಗಿ ಗೊತ್ತು."

"ಗೊತ್ತಿದ್ದೂ ಒಂದು ಮಾತು ಹೇಳ್ಲಿಲ್ಲ."

"ಹೇಳಿದ್ರೆ ನೀವು ಕೂಗ್ತಿದ್ರಿ. ಇಪ್ಪತ್ತೇಳು, ಅಗಲದ್ದು ಅಂತ. ಅರವತ್ತು ಮಕ್ಕಳ ಮುಂದೆ."

ಹೌದು, ಕೂಗುತ್ತಿದ್ದೆ. ಅದರಲ್ಲಿ ಏನು ತಪ್ಪು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನೆದುರಿನ ಬೆಂಚಿನ ಮೇಲೆ ಕೂತು, ಬಲಗಾಲಿನ ದಪ್ಪ ಉಣ್ಣೆ ಚೀಲ ಎಳೆದು ತೆಗೆದಳು. ಗೋಡೆಯ ಮೇಲಿದ್ದ ಅಳತೆಮಣೆಯನ್ನು ತಾನೇ ಇಳಿಸಿ ನೆಲದ ಮೇಲಿಟ್ಟು, ಅದರ ಮೇಲೆ ಪಾದ ಊರಿದಳು.

"ಅಳೀರಿ" ಎಂದಳು.

ನನ್ನ ಹೆಂಡತಿಯ ಪಾದವನ್ನು ನಾನು ಕಂಡೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ಮನೆಯಲ್ಲಿ ಬಾಳಿದವರು ನಾವು. ಆದರೆ ಅವಳು ಬೇಸಿಗೆಯಲ್ಲೂ ಕಾಲುಚೀಲ ಹಾಕುತ್ತಿದ್ದಳು, ಕೂತರೆ ಪಾದಗಳನ್ನು ಅಡಿಗೆ ಮಡಿಸಿಕೊಂಡೇ ಕೂರುತ್ತಿದ್ದಳು. ಬೆರಳುಗಳು ಸೊಟ್ಟಗಿದ್ದುದನ್ನು ನೋಡಿದ್ದೆ; ಅವರ ಮನೆತನದ ಲಕ್ಷಣವಿರಬೇಕು ಎಂದುಕೊಂಡಿದ್ದೆ. ಅವಳ ಶೂ ಪೆಟ್ಟಿಗೆಗಳ ಮೇಲೆ ಇಪ್ಪತ್ತನಾಲ್ಕೂವರೆ ಎಂದೇ ಬರೆದಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ಕೇಳಿದಾಗ ಅವಳು ಹೇಳಿದ್ದೂ ಅಷ್ಟೇ. ಊರಲ್ಲಿ ಯಾರ ಮಾತನ್ನೂ ನಂಬದೆ ಅಳೆಯುತ್ತಿದ್ದವನು ಅವಳ ಮಾತೊಂದನ್ನು ನಂಬಿದೆ. ನಂಬಿದ್ದು ಪ್ರೀತಿಯಿಂದ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ನಾನು ಆ ಕಡೆ ಗಮನವನ್ನೇ ಕೊಟ್ಟಿರಲಿಲ್ಲ.

ಮೊಣಕಾಲೂರಿ ಕೂತು ಅವಳ ಪಾದವನ್ನು ಕೈಯಲ್ಲಿ ಹಿಡಿದೆ. ತಣ್ಣಗಿತ್ತು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಸೇರಿಕೊಂಡು ಚಪ್ಪಟೆಯಾಗಿತ್ತು. ಹೆಬ್ಬೆರಳ ಬುಡದ ಮೂಳೆ ಉಬ್ಬಿ, ಅದರ ಮೇಲಿನ ಚರ್ಮ ಗಟ್ಟಿಯಾಗಿತ್ತು. ಮಣೆಯ ಮೇಲಿನ ಪಟ್ಟಿಯನ್ನು ಮೆಲ್ಲನೆ ಸರಿಸಿ ಬೆರಳ ತುದಿಗೆ ತಂದೆ.

"ಎಷ್ಟು?"

"ಇಪ್ಪತ್ತಾರೂ ಮುಕ್ಕಾಲು" ಎಂದೆ.

"ಹದಿನೈದನೇ ವಯಸ್ಸಿಂದ ಅಷ್ಟೇ ಇದೆ."

ಆಮೇಲೆ ಅವಳು ಹೇಳತೊಡಗಿದಳು. ಜೋರಾಗಿಯೂ ಅಲ್ಲ, ಅಳುತ್ತಲೂ ಅಲ್ಲ, ನೆರೆಯವರ ಮನೆಯ ಸುದ್ದಿ ಹೇಳುವ ಹಾಗೆ. ಚಿಕ್ಕವಳಿದ್ದಾಗ ಅಣ್ಣಂದಿರು 'ದಡ್ಡರ ಪಾದ ದೊಡ್ಡದು' ಎಂದು ಹಾಡಿಕೊಂಡು ಹಿಂದೆ ಬರುತ್ತಿದ್ದರಂತೆ. ನಮ್ಮ ಮನೆಯವರು ಹೆಣ್ಣು ನೋಡಲು ಹೋದ ದಿನ ಅವಳ ಅಮ್ಮ, "ಅವರು ಹೋಗೋವರೆಗೂ ಎದ್ದು ನಿಲ್ಲಬೇಡ" ಎಂದು ಕಿವಿಯಲ್ಲಿ ಹೇಳಿದ್ದರಂತೆ. ನನ್ನ ಅಮ್ಮ ಸೊಸೆಗೆಂದು ಬಾಗಿಲ ಬಳಿ ಇಟ್ಟಿದ್ದ ಹೊಸ ಚಪ್ಪಲಿಯಲ್ಲಿ ಅವಳ ಅರ್ಧ ಪಾದ ಹೊರಗೇ ಉಳಿಯುತ್ತಿತ್ತಂತೆ.

"ಮದುವೆಯಾದ ಮೊದಲ ಚಳಿಗಾಲ ಒಬ್ಬ ಹೆಂಗಸು ಬಂದಿದ್ರು, ನೆನಪಿದೆಯಾ? ತಕಾಸಾಕಿ ಊರಿನವರು, ಗಂಡನ ಜೊತೆ" ಎಂದಳು. "ನೀವು ಅಳೆದು, ಇಪ್ಪತ್ತಾರು, ಹೆಂಗಸರದ್ದು ಆಗಲ್ಲ, ಗಂಡಸರ ಬೂಟು ತಾ ಅಂತ ಕೂಗಿದ್ರಿ. ಅಂಗ್ಡೀಲಿದ್ದೋರೆಲ್ಲ ನಕ್ಕರು. ಅವರ ಗಂಡನೂ ನಕ್ಕ. ಆ ಹೆಂಗಸು ಮುಖ ಕೆಂಪಗೆ ಮಾಡ್ಕೊಂಡು, ನಾನು ಕೆಳಗೇ ಕಾಯ್ತೀನಿ ಅಂತ ಹೊರಗೆ ಹೋದ್ರು. ನಾನು ಬೂಟು ಹಿಡ್ಕೊಂಡು ಇಲ್ಲೇ ನಿಂತಿದ್ದೆ. ಮಾರನೇ ದಿನ ನೀವು ನನ್ನ ಅಳತೆ ಕೇಳಿದ್ರಿ."

ನನಗೆ ಆ ಹೆಂಗಸಿನ ನೆನಪಿರಲಿಲ್ಲ. ಅಂಥವರು ಎಷ್ಟು ಜನ ಬಂದುಹೋದರೋ.

"ಇಪ್ಪತ್ನಾಲ್ಕೂವರೆ ಅಂದೆ. ನೀವು ಎಷ್ಟು ಆಸೆಯಿಂದ ಆ ಕೆಂಪು ಹಲಗೆ ಸಿದ್ಧ ಮಾಡಿ ಕೊಟ್ರಿ. ಸಣ್ಣ ಸೊಂಟದ್ದು. ಬೂಟಂತೂ ಇಪ್ಪತ್ನಾಲ್ಕೂವರೆ ಕಾಲಿಗೆ ಹೋಗ್ತಾನೇ ಇರ್ಲಿಲ್ಲ. ಗೂಡಿನಿಂದ ಇಪ್ಪತ್ತೇಳರದ್ದು ತಗೊಂಡು, ನಂಬರಿನ ಮೇಲೆ ಮೊಲದ ಚಿತ್ರ ಅಂಟಿಸ್ದೆ."

ಮೊಲ ನೆನಪಾಯಿತು. ಬಿಳಿ ಮೊಲ. ಚೆನ್ನಾಗಿದೆ ಎಂದಿದ್ದೆ ಕೂಡ. ಆ ಎರಡು ಚಳಿಗಾಲವೂ ನಾನು ಅಂಗಡಿಯಲ್ಲಿ ಬಿಡುವಿಲ್ಲದೆ ಇದ್ದೆ. ಅವಳು ತನ್ನ ತಂಗಿಯ ಜೊತೆ ಮೇಲೆ ಹೋಗಿಬರುತ್ತಿದ್ದಳು. ಕಿಟಕಿಯಿಂದ ನೋಡಿದಾಗ ದೂರದಲ್ಲಿ ಬೀಳುತ್ತಿರುವುದಷ್ಟೇ ಕಾಣುತ್ತಿತ್ತು.

"ಬಿದ್ದಾಗೆಲ್ಲ ಗೊತ್ತಾಗ್ತಿತ್ತಾ, ಯಾಕೆ ಬೀಳ್ತಿದೀನಿ ಅಂತ?"

"ಮೊದಲ ವರ್ಷ ಗೊತ್ತಾಗ್ಲಿಲ್ಲ. ನಾನೇ ಸರಿಯಿಲ್ಲ ಅಂದ್ಕೊಂಡೆ. ಎರಡನೇ ವರ್ಷ ನೀವು ಯಾರಿಗೋ ಇದನ್ನೇ ವಿವರಿಸ್ತಿದ್ದಾಗ ಒಳಗಿಂದ ಕೇಳಿಸ್ಕೊಂಡೆ. ಆಗ ಗೊತ್ತಾಯ್ತು. ಗೊತ್ತಾದ ಮೇಲೆ ಹೇಳೋದು ಇನ್ನೂ ಕಷ್ಟ ಆಯ್ತು."

ಅವಳ ಪಾದ ಇನ್ನೂ ನನ್ನ ಕೈಯಲ್ಲೇ ಇತ್ತು. ಬೆಟ್ಟ ನಗುತ್ತದೆ ಎಂದು ನೆಂಟರ ಮುಂದೆ ಇಪ್ಪತ್ತಾರು ಸಲವಾದರೂ ಹೇಳಿದ್ದೆನಲ್ಲ ಎಂದು ನೆನಪಾಯಿತು. ಪಾದವನ್ನು ಎರಡೂ ಕೈಯಿಂದ ಸ್ವಲ್ಪ ಹೊತ್ತು ಉಜ್ಜಿ ಬೆಚ್ಚಗೆ ಮಾಡಿದೆ.

"ನನ್ನದು ಆಮೇಲೆ" ಎಂದು ಅವಳು ಕಾಲೆಳೆದುಕೊಂಡಳು. "ಮೊದಲು ಆ ಮಗೂದು ನೋಡಿ."

ಚಿಗುಸಾಳ ತೂಕಕ್ಕೆ ಆಗುವ ಉದ್ದದಲ್ಲಿ ಅಗಲದ ಹಲಗೆ ಸಿಗುವುದು ಸುಲಭವಿಲ್ಲ. ಅಗಲವಾದವೆಲ್ಲ ದಪ್ಪ ಗಂಡಸರಿಗೆಂದು ಮಾಡಿದವು, ಉದ್ದ, ಬಿರುಸು. ಅಟ್ಟದವರೆಗೆ ಹುಡುಕಿ ಕೊನೆಗೆ ಒಂದನ್ನು ಇಳಿಸಿದೆ. ಹಳೆಯದು, ನೀಲಿ ಬಣ್ಣ, ಮೂತಿಯಲ್ಲಿ ಒಂದೆರಡು ಗೀರು. ಸೊಂಟ ಇಪ್ಪತ್ತೈದೂಕಾಲು. ಅವಳ ಬೂಟನ್ನು ಅದರ ಮೇಲಿಟ್ಟು, ಪಟ್ಟಿ ಬಿಗಿದು, ಹಲಗೆಯನ್ನು ನೆಲದ ಮೇಲೆ ಮಲಗಿಸಿ, ಒಂದು ಅಂಚಿನ ಮೇಲೆ ಮೆಲ್ಲಮೆಲ್ಲಗೆ ವಾಲಿಸಿದೆ. ಮೊದಲಿನದರಲ್ಲಿ ಸ್ವಲ್ಪ ವಾಲಿಸಿದರೆ ಸಾಕು, ಬೂಟಿನ ಮೂತಿ ನೆಲ ಮುಟ್ಟುತ್ತಿತ್ತು. ಇದರಲ್ಲಿ ಹಲಗೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವವರೆಗೂ ಮುಟ್ಟಲಿಲ್ಲ. ಎರಡೂ ಬೂಟುಗಳನ್ನು ಬಾತುಕೋಳಿಯ ಪಾದದಂತೆ ತುಸು ಹೊರಕ್ಕೆ ತಿರುಗಿಸಿ ಕಟ್ಟಿದೆ. ಹಾಗೆ ಓರೆ ಮಾಡಿದರೆ ಚಾಚಿದ್ದು ಇನ್ನಷ್ಟು ಒಳಗೆ ಬರುತ್ತದೆ.

ಹಲಗೆ ಹಿಡಿದು ಸ್ಟವ್ ಇದ್ದ ಕೋಣೆಗೆ ಹೊರಟಾಗ ರಿತ್ಸುಕೊ ತಡೆದಳು. "ನೀವು ಬಾಗಿಲಲ್ಲೇ ಇರಿ. ಕರೆದಾಗ ಬನ್ನಿ."

ಒಂದು ಕಾಲು ಬರಿಗಾಲಾಗಿಯೇ ಅವಳು ಒಳಗೆ ಹೋದಳು. ನಾನು ಬಾಗಿಲ ಪರದೆಯ ಈಚೆ ನಿಂತೆ.

"ನಾನು ಇನ್ನು ಹೋಗಲ್ಲ ಆಂಟಿ" ಎಂದಳು ಹುಡುಗಿ. "ಇಲ್ಲೇ ಕೂತಿರ್ತೀನಿ. ಬೇಕಾದ್ರೆ ಬೂಟು ಒರೆಸಿಕೊಡ್ತೀನಿ."

"ಬೂಟು ಒರೆಸೋಕೆ ನಾನಿದೀನಿ. ಸ್ವಲ್ಪ ಆ ಕಡೆ ಸರಿ." ರಿತ್ಸುಕೊ ಪಕ್ಕದಲ್ಲಿ ಕೂತು, ಹುಡುಗಿಯ ಪಾದದ ಪಕ್ಕ ತನ್ನ ಪಾದ ಇಟ್ಟಳೆಂದು ಕಾಣುತ್ತದೆ.

"ನಿಮ್ದೂ..." ಎಂದಳು ಚಿಗುಸಾ.

"ಇಪ್ಪತ್ತಾರೂ ಮುಕ್ಕಾಲು. ಈಗ ತಾನೇ ಅಳೆಸ್ಕೊಂಡು ಬಂದೆ. ನಿಂದೆಷ್ಟು?"

"ಇಪ್ಪತ್ತಾರೂವರೆ."

"ಹಾಗಾದ್ರೆ ಈ ಮನೇಲಿ ನಾನೇ ಫಸ್ಟು."

ಹುಡುಗಿ ನಕ್ಕಳು. ತುಟಿ ನೊಂದಿರಬೇಕು, ಕೂಡಲೇ 'ಸ್ಸ್' ಎಂದಳು.

"ಪಟ್ಟೀಲಿ ಯಾಕೆ ಇಪ್ಪತ್ನಾಲ್ಕು ಅಂತ ಬರೆದೆ?"

"ಪಟ್ಟಿ ಕ್ಲಾಸಲ್ಲಿ ಕೈಯಿಂದ ಕೈಗೆ ಬಂತು ಆಂಟಿ. ನನಗಿಂತ ಮೇಲೆ ಬರೆದಿದ್ದ ಹುಡುಗೀರೆಲ್ಲ ಇಪ್ಪತ್ಮೂರು, ಇಪ್ಪತ್ಮೂರೂವರೆ. ಆಮೇಲೆ ಅದು ಹುಡುಗರ ಸಾಲಿಗೆ ಹೋಗ್ಬೇಕಿತ್ತು."

"ಹುಡುಗರು ಏನಂತಾರೆ? ದಡ್ಡರ ಪಾದ ದೊಡ್ಡದು ಅಂತಾರಾ?"

"ನಿಮಗೆ ಹೇಗೆ ಗೊತ್ತು?"

"ಇನ್ನೂ ಅದನ್ನೇ ಹೇಳ್ತಾರಾ? ನಮ್ಮ ಕಾಲದಿಂದ ಒಂದು ಹೊಸ ಮಾತು ಹುಟ್ಟಿಲ್ವಲ್ಲ, ಪಾಪ" ಎಂದಳು ರಿತ್ಸುಕೊ. ಆಮೇಲೆ ದನಿ ತಗ್ಗಿಸಿದಳು. "ನೋಡು, ನಾನೂ ಸುಳ್ಳು ಹೇಳಿದ್ದೆ. ಸುಳ್ಳು ಹೇಳಿ ಸಣ್ಣ ಹಲಗೆ ಹತ್ತಿ ಬಿದ್ದೆ. ನನಗೆ ಬರಲ್ಲ ಅಂತ ಬಿಟ್ಟುಬಿಟ್ಟೆ. ಐವತ್ನಾಲ್ಕು ವರ್ಷ ಆಯ್ತು ನನಗೀಗ. ನೀನು ಬಿದ್ದಿದ್ದರಲ್ಲಿ ನಂದೂ ಪಾಲಿದೆ. ಬೂಟು ಕೊಟ್ಟೋಳು ಹಲಗೇನೂ ಬದಲಾಯ್ಸಿ ಕೊಡಬೇಕಿತ್ತು. ಹೆದರ್ಕೊಂಡು ಸುಮ್ಮನಿದ್ದೆ. ತಪ್ಪಾಯ್ತು."

ಹುಡುಗಿ ಬಟ್ಟಲು ಕೆಳಗಿಟ್ಟ ಸದ್ದಾಯಿತು.

"ರೀ, ಬನ್ನಿ" ಎಂದು ರಿತ್ಸುಕೊ ಕರೆದಳು.

ಒಳಗೆ ಹೋಗಿ ನೀಲಿ ಹಲಗೆಯನ್ನು ಚಿಗುಸಾಳ ಮುಂದೆ ಇಟ್ಟು, ನಾನೂ ನೆಲದ ಮೇಲೆ ಕೂತೆ. "ನಿನ್ನ ಬ್ಯಾಲೆನ್ಸಲ್ಲಿ ಏನೂ ತೊಂದ್ರೆ ಇಲ್ಲಮ್ಮ. ಹಲಗೆ ನಿನಗೆ ಹೊಂದಿರ್ಲಿಲ್ಲ. ಅಳತೆ ತಗೊಳ್ಳದೇ ಕೊಟ್ಟೋನು ನಾನು" ಎಂದೆ. ಬೂಟಿನ ಮೂತಿಯ ಕೆಳಗೆ ಅವಳದೇ ಬೆರಳು ಇಡಿಸಿ, ಎಷ್ಟು ಚಾಚಿದೆ, ಎಷ್ಟು ಚಾಚಬೇಕು ಎಂದು ತೋರಿಸಿದೆ. ಅವಳು ಗಮನವಿಟ್ಟು ನೋಡಿದಳು. ಬೆಳಗಿನ ಹಲಗೆಯ ಮೇಲೂ ಬೂಟು ಇಟ್ಟು ತಾನೇ ವಾಲಿಸಿ ನೋಡಿದಳು.

"ಇದು ಹುಡುಗರದ್ದಾ ಅಂಕಲ್?"

"ಹಲಗೇಲಿ ಗಂಡು ಹೆಣ್ಣು ಅಂತಿಲ್ಲ. ಅದಕ್ಕಿರೋದು ಸೊಂಟ ಮಾತ್ರ."

ಮಧ್ಯಾಹ್ನ ಅವಳು ಮತ್ತೆ ಮೇಲೆ ಹೋದಳು. ರಿತ್ಸುಕೊ ಕೋಟೂ ಹಾಕದೆ ಅಂಗಡಿಯ ಮುಂದೆ ಗುಡ್ಡೆ ಹಾಕಿದ್ದ ಹಿಮದ ಮೇಲೆ ಹತ್ತಿ ನಿಂತಳು. ನಾನು ಅವಳ ಕೋಟು ತಂದು ಹೆಗಲಿಗೆ ಹಾಕಿ ಪಕ್ಕದಲ್ಲಿ ನಿಂತೆ. ಇಳಿಜಾರಿನ ನಡುವೆ ಬಾಗಿದ ಬೆನ್ನಿನ ಎತ್ತರದ ಹುಡುಗಿ ಗುರುತು ಸಿಕ್ಕಳು. ಮೊದಲ ಸಲ ಹೆದರಿ ತಾನೇ ಕೂತಳು. ಎರಡನೇ ಸಲ ಹಿಂದಕ್ಕೆ ಬಿದ್ದಳು. ಮೂರನೇ ಸಲ ಕಾಲ್ಬೆರಳ ಕಡೆಗೆ ವಾಲಿದಳು. ಹಲಗೆ ಹಿಮದಲ್ಲಿ ಒಂದು ಬಿಲ್ಲಿನಂತೆ ಗೆರೆ ಎಳೆದು ಸುತ್ತಿ ಬಂತು. ಬೀಳಲಿಲ್ಲ. ರಿತ್ಸುಕೊ ನನ್ನ ತೋಳು ಹಿಡಿದಿದ್ದಳು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದು ಸಂಜೆ ಅಂಗಿ ಬಿಚ್ಚಿದಾಗ ತಿಳಿಯಿತು.

"ಏನು ಮಾಡಿದ್ರಿ ಕುವಾಬಾರಾಸಾನ್?" ಎಂದು ನೊಮೊತೊ ಮೇಷ್ಟ್ರು ಸಂಜೆ ಕೇಳಿದರು. "ಬೇರೆ ಹುಡುಗಿ ಆಗ್ಬಿಟ್ಟಿದಾಳೆ."

"ಅದೇ ಹುಡುಗಿ ಮೇಷ್ಟ್ರೇ. ಹಲಗೆ ಬೇರೆ" ಎಂದೆ.

ಮೂರನೇ ದಿನ ಬಸ್ಸು ಹೊರಡುವ ಮುಂಚೆ ಮಕ್ಕಳು ಸಾಲಾಗಿ ಬೂಟು ಹಿಂದಿರುಗಿಸಿದರು. ಚಿಗುಸಾ ತನ್ನವನ್ನು ಕೊಡುವಾಗ ಹಿಮ್ಮಡಿಯ ಮೇಲೆ ಟೇಪು ಇರಲಿಲ್ಲ. ಅವಳೇ ಕಿತ್ತಿದ್ದಳೋ, ಒದ್ದೆಯಾಗಿ ತಾನೇ ಬಿದ್ದಿತ್ತೋ, ನಾವು ಕೇಳಲಿಲ್ಲ. ರಿತ್ಸುಕೊ ಉಪ್ಪಿನಲ್ಲಿ ಹಾಕಿದ ಸೊಪ್ಪಿನ ಒಂದು ಪೊಟ್ಟಣವನ್ನು ಅವಳ ಚೀಲಕ್ಕೆ ಸೇರಿಸಿದಳು.

ಅಂದಿನಿಂದ ನಾನು ಅಳತೆಯನ್ನು ಚೀಟಿಯಲ್ಲಿ ಬರೆದು ಪರದೆಯ ಸಂದಿಯಿಂದ ಒಳಗೆ ಕೊಡಲು ಶುರು ಮಾಡಿದೆ. ಶಾಲೆಯ ಮಕ್ಕಳಾದರೂ ಸರಿ, ಇಬ್ಬಿಬ್ಬರನ್ನೇ ಒಳಗೆ ಕರೆದು ಅಳೆಯುತ್ತೇನೆ. ಮೇಷ್ಟ್ರುಗಳು ಗಡಿಯಾರ ನೋಡಿಕೊಳ್ಳಲಿ. ನಾಲ್ಕೈದು ದಿನವಾದ ಮೇಲೆ ರಿತ್ಸುಕೊ ಪರದೆಯಿಂದ ತಲೆ ಹೊರಹಾಕಿ, "ಸಾವಿನ ಮನೆ ಥರ ಇದೆ ಅಂಗಡಿ. ಏನಾದ್ರೂ ಬೇರೆ ಕೂಗಿ" ಎಂದಳು. ಈಗ ಹವಾಮಾನ ಕೂಗುತ್ತೇನೆ. "ಮೇಲೆ ಗಾಳಿ, ಕನ್ನಡಕ ಮರೀಬೇಡಿ" ಎಂದು.

ಮಾರ್ಚಿನಲ್ಲಿ ಒಂದು ಬಿಡುವಿನ ದಿನ ಅವಳನ್ನು ನಾಗಾವೊಕಾ ಪಟ್ಟಣಕ್ಕೆ ಕರೆದುಕೊಂಡು ಹೋದೆ. ಶೂ ಅಂಗಡಿಯಲ್ಲಿ ಅವಳು ಅಭ್ಯಾಸಬಲದಿಂದ ಹೆಂಗಸರ ಕಡೆಗೆ ತಿರುಗಿದಳು. ನಾನು ಗಂಡಸರ ಸಾಲಿನಲ್ಲಿ ನಿಂತು ಕಾದೆ. ಸ್ವಲ್ಪ ಹೊತ್ತಿಗೆ ಬಂದಳು. ಬೂದು ಬಣ್ಣದ ಇಪ್ಪತ್ತೇಳರ ಒಂದು ಜೊತೆ ಹಾಕಿಕೊಂಡು, ಅಂಗಡಿಯ ಉದ್ದಕ್ಕೂ ಹೋಗಿ ಬಂದಳು, ಇನ್ನೊಂದು ಸಲ ಹೋಗಿ ಬಂದಳು. ಬಹಳ ದಿನದ ಹಲ್ಲುನೋವು ಇದ್ದಕ್ಕಿದ್ದಂತೆ ನಿಂತವರ ಮುಖದಲ್ಲಿ ಒಂದು ಅನುಮಾನ ಇರುತ್ತದಲ್ಲ, ಅಂಥದ್ದು ಅವಳ ಮುಖದಲ್ಲಿತ್ತು.

"ನೋಯ್ತಿಲ್ಲ" ಎಂದಳು.

"ನೋಯಬಾರದು."

"ಇಷ್ಟು ದಿನ ಎಲ್ಲರಿಗೂ ಹೀಗೇ ಇತ್ತಾ?"

ನಾನು ಅವಳ ಹಳೆಯ ಜೊತೆಯನ್ನು ಪೆಟ್ಟಿಗೆಗೆ ಹಾಕಿದೆ.

ಅವಳಿಗೆಂದು ಒಂದು ಹಲಗೆಯನ್ನು ನಾನು ಆಗಲೇ ಸಿದ್ಧ ಮಾಡಿಟ್ಟಿದ್ದೆ, ಅಗಲ ಸರಿಯಾದದ್ದು, ಮೆತ್ತನೆಯದು. ಹತ್ತಿ ನೋಡು ಎಂದು ಹೇಳಲು ಧೈರ್ಯ ಬರಲಿಲ್ಲ. ಬೂಟಿನ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟೆ. ಎರಡು ವಾರ ಅವಳು ಅದರ ಸುತ್ತ ಗುಡಿಸಿದಳು, ಅದರ ಮೇಲಿನ ಧೂಳು ಒರೆಸಿದಳು. ಆ ಚಳಿಗಾಲಕ್ಕೆ ಲಿಫ್ಟು ಮುಚ್ಚಲು ಐದು ದಿನವಿದ್ದಾಗ ಊಟ ಮಾಡುತ್ತ, "ಬೆಳಿಗ್ಗೆ ಲಿಫ್ಟು ಎಷ್ಟೊತ್ತಿಗೆ ಶುರು?" ಎಂದು ಕೇಳಿದಳು. ಇಪ್ಪತ್ತೆಂಟು ವರ್ಷ ಲಿಫ್ಟಿನ ಬುಡದಲ್ಲಿ ಬಾಳಿದವಳಿಗೆ ಅದು ಗೊತ್ತಿಲ್ಲದೆ ಏನು?

"ಎಂಟೂವರೆ" ಎಂದೆ.

ಮರುದಿನ ಬಿಸಿಲಿತ್ತು. ಹಿಮ ಮೆತ್ತಗಾಗಿ ಒರಟು ಸಕ್ಕರೆಯಂತಿತ್ತು; ಬಿದ್ದರೂ ನೋಯದ ಹಿಮ. ಚಿಕ್ಕ ಇಳಿಜಾರಿನ ತಲೆಯಲ್ಲಿ ಅವಳ ಪಟ್ಟಿ ಬಿಗಿದುಕೊಟ್ಟೆ. ಮೊದಲ ಸಲ ಎದ್ದು ನಿಲ್ಲುವಾಗಲೇ ಕೂತಳು. ಆಮೇಲೆ ಮೂರು ಸಲ ಹಿಂದಕ್ಕೆ ಬಿದ್ದಳು. ಹಿಮದಲ್ಲಿ ಕೂತುಕೊಂಡೇ ನನ್ನ ಕಡೆ ತಿರುಗಿದಳು.

"ನಿಜ ಹೇಳಿ. ಇದು ಹಲಗೆ ತಪ್ಪಾ, ನನ್ನ ತಪ್ಪಾ?"

"ಇದು ನಿಂದೇ" ಎಂದೆ.

"ಸದ್ಯ" ಎಂದು ಎದ್ದಳು.

ಐದನೇ ಸಲ ನಿಧಾನವಾಗಿ ಅಡ್ಡಕ್ಕೆ ಜಾರಿದಳು. ಮೊಣಕಾಲು ಬಾಗಿಸಿ, ಕಾಲ್ಬೆರಳ ಕಡೆಗೆ ಭಾರ ಹಾಕಿದಳು. ಅಂಚು ಹಿಡಿಯಿತು. ಹಲಗೆ ಅವಳನ್ನು ಹೊತ್ತುಕೊಂಡು ಸುತ್ತಿತು. ಅವಳು ಕಣಿವೆಗೆ ಬೆನ್ನು ಹಾಕಿ, ಬೆಟ್ಟಕ್ಕೆ ಮುಖ ಮಾಡಿ ನಿಂತಳು. ಹಾಗೇ ಇದ್ದಳು, ಎರಡು ಕೈಯನ್ನೂ ಮುಂದಿನ ಹಿಮದ ಮೇಲೆ ಮೆಲ್ಲಗೆ ಊರಿಕೊಂಡು. ಹತ್ತಿರ ಹೋದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

"ನೋವಾಯ್ತಾ?"

"ಇಲ್ಲ. ಬೆಟ್ಟ ಇಷ್ಟು ಹತ್ರ ಇರುತ್ತೆ ಅಂತ ಗೊತ್ತಿರ್ಲಿಲ್ಲ." ಕೈಗವಸಿನಿಂದ ಮುಖ ಒರೆಸಿಕೊಂಡಳು. "ನೀವು ಕೆಳಗೆ ಹೋಗಿ. ನೀವಿದ್ರೆ ಮಾತು ಜಾಸ್ತಿ."

ನಾನು ಕೆಳಗಿಳಿದು ಲಿಫ್ಟಿನ ಕಂಬದ ಬಳಿ ನಿಂತು ಕಾದೆ. ಬಹಳ ಹೊತ್ತಾದ ಮೇಲೆ ಅವಳು ಬಂದಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಅಗಲ ಅಗಲ ತಿರುವು ಹಾಕುತ್ತ, ಒಂದು ಸಲ ಬಿದ್ದು, ಎದ್ದು, ಮತ್ತೆ ಜಾರುತ್ತ. ಹತ್ತಿರ ಬಂದಾಗ ಕೈ ಚಾಚಿದೆ. ಅವಳು ನಿಲ್ಲಲಿಲ್ಲ. ನನ್ನನ್ನು ದಾಟಿ ಹಾಗೇ ಜಾರಿಕೊಂಡು ಹೋಗಿ, ಲಿಫ್ಟಿಗೆ ಕಾಯುತ್ತಿದ್ದವರ ಸಾಲಿನ ಕೊನೆಯಲ್ಲಿ ನಿಂತಳು. ಅಂಗಡಿ ತೆರೆಯುವ ಹೊತ್ತು ಮೀರಿತ್ತು. ನಾನೊಬ್ಬನೇ ಹೋಗಿ ಬಾಗಿಲು ತೆರೆದೆ.